ಮೊದಲ ಬಾರಿಗೆ ಗ್ರಾಮ ಪಂಚಾಯತ ಚುನಾವಣೆಗೆ ನಿಲ್ಲುವವರಿಗೆ: ಉತ್ತರ ಕನ್ನಡದ ಕರಾವಳಿಗೂ ಘಟ್ಟಕ್ಕೂ ಹೊಂದುವ ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಯಾರೂ ರಾಜಕೀಯ ಮಾಡಿದವರಿಲ್ಲ, ಕೈಯಲ್ಲಿ ದೊಡ್ಡ ಹಣವಿಲ್ಲ, ಪಕ್ಷದ ತಾಲ್ಲೂಕು ಕಚೇರಿಯಲ್ಲಿ ಗುರುತು ಹಿಡಿಯುವವರೂ ಇಲ್ಲ. ಅಂಥವರು ಸಾರ್ವಜನಿಕ ಅಧಿಕಾರಕ್ಕೆ ಬರಬಹುದಾದ ನಿಜವಾದ ಬಾಗಿಲು ಗ್ರಾಮ ಪಂಚಾಯತ. ಕರ್ನಾಟಕದಲ್ಲಿ ಈ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಠೇವಣಿ ಸಾಮಾನ್ಯ ವರ್ಗದವರಿಗೆ 200 ರೂಪಾಯಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗದವರಿಗೆ ಮತ್ತು ಮಹಿಳೆಯರಿಗೆ 100 ರೂಪಾಯಿ. ಬಹುತೇಕ ವಾರ್ಡುಗಳಲ್ಲಿ ಒಂದಕ್ಕಿಂತ ಹೆಚ್ಚು ಸ್ಥಾನಗಳಿರುವುದರಿಂದ ಮತದಾರರ ಕೈಯಲ್ಲಿ ಒಂದಕ್ಕಿಂತ ಹೆಚ್ಚು ಮತಗಳಿರುತ್ತವೆ. ಹೊಸಬರ ಆಸೆಯೆಲ್ಲ ಈ ಕೊನೆಯ ಸಂಗತಿಯ ಮೇಲೇ ನಿಂತಿದೆ. ಅದನ್ನು ಮುಂದೆ ವಿವರವಾಗಿ ನೋಡೋಣ.

ಜಿಲ್ಲಾ, ತಾಲ್ಲೂಕು ಪಂಚಾಯತಗಳಿಗೂ ಇದೇ ಹಾದಿ ಎಂದುಕೊಳ್ಳಬೇಡಿ. ಅಲ್ಲಿ ಪಕ್ಷದ ಚಿಹ್ನೆ ಇರುತ್ತದೆ, ಕ್ಷೇತ್ರ ದೊಡ್ಡದು, ಲೆಕ್ಕಾಚಾರವೇ ಬೇರೆ. ಈ ಬರಹ ಗ್ರಾಮ ಪಂಚಾಯತಕ್ಕೆ ಮಾತ್ರ.

ಸಮಯ ಎಷ್ಟು ಸಿಗುತ್ತದೆ

2020ರ ಚುನಾವಣೆಯ ದಿನಾಂಕಗಳನ್ನು ನೋಡಿ. ನಮ್ಮ ಜಿಲ್ಲೆಯ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಮೊದಲ ಹಂತದಲ್ಲಿದ್ದವು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾ ಎರಡನೇ ಹಂತದಲ್ಲಿದ್ದವು. ಮೊದಲ ಹಂತಕ್ಕೆ ಡಿಸೆಂಬರ್ 7ಕ್ಕೆ ಅಧಿಸೂಚನೆ ಬಂತು. 11ಕ್ಕೆ ನಾಮಪತ್ರ ಸಲ್ಲಿಕೆ ಮುಗಿಯಿತು, 12ಕ್ಕೆ ಪರಿಶೀಲನೆ, 14ಕ್ಕೆ ಹಿಂತೆಗೆತದ ಕೊನೆಯ ದಿನ, 22ಕ್ಕೆ ಮತದಾನ. ಎರಡನೇ ಹಂತದ ಮತದಾನ 27ಕ್ಕೆ, ಎರಡಕ್ಕೂ ಎಣಿಕೆ 30ಕ್ಕೆ.

ಅಂದರೆ ನಾಮಪತ್ರ ಹಾಕಲು ಐದು ದಿನ, ಚಿಹ್ನೆ ಸಿಕ್ಕ ಮೇಲೆ ಪ್ರಚಾರಕ್ಕೆ ಎಂಟು ದಿನ. ಎಂಟು ದಿನದಲ್ಲಿ ಯಾರ ಪರಿಚಯವನ್ನೂ ಹೊಸದಾಗಿ ಮಾಡಿಕೊಳ್ಳಲಾಗದು. ಆಗಲೇ ಪರಿಚಯವಿದ್ದವರಿಗೆ ನಿಮ್ಮ ಚಿಹ್ನೆ ಯಾವುದೆಂದು ತಿಳಿಸಬಹುದು, ಅಷ್ಟೇ. ಆದ್ದರಿಂದ ಇಲ್ಲಿ ಹೇಳುವ ಕೆಲಸದ ಮುಕ್ಕಾಲು ಪಾಲು ಅಧಿಸೂಚನೆಗೆ ಕನಿಷ್ಠ ಆರು ತಿಂಗಳು ಮೊದಲೇ ಶುರುವಾಗಬೇಕು. ಒಂದು ವರ್ಷ ಸಿಕ್ಕರೆ ಇನ್ನೂ ಒಳ್ಳೆಯದು.

ನಿಲ್ಲಲು ನೀವು ಅರ್ಹರೇ?

ವಯಸ್ಸು 21 ತುಂಬಿರಬೇಕು. ಆ ಗ್ರಾಮ ಪಂಚಾಯತದ ಯಾವುದಾದರೊಂದು ವಾರ್ಡಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ನಿಮ್ಮ ಹೆಸರು ಒಂದು ವಾರ್ಡಿನಲ್ಲಿದ್ದು, ಅದೇ ಪಂಚಾಯತದ ಇನ್ನೊಂದು ವಾರ್ಡಿನಿಂದಲೂ ನಿಲ್ಲಬಹುದು. ಆದರೆ ಸೂಚಕರು, ಅಂದರೆ ನಿಮ್ಮ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು, ಮಾತ್ರ ನೀವು ನಿಲ್ಲುವ ವಾರ್ಡಿನ ಮತದಾರರೇ ಆಗಿರಬೇಕು.

ಪಟ್ಟಿಯನ್ನು ಇಂದೇ ತೆಗೆದು ನೋಡಿ. ಪಂಚಾಯತದ ಪಟ್ಟಿ ವಿಧಾನಸಭೆಯ ಪಟ್ಟಿಯ ಆಧಾರದ ಮೇಲೆಯೇ ತಯಾರಾಗುತ್ತದೆ. ಅಲ್ಲಿನ ತಪ್ಪು ಇಲ್ಲಿಗೂ ಬರುತ್ತದೆ. ಹೆಸರು ಸೇರಿಸಲು ನಮೂನೆ 6, ತೆಗೆಯಲು ನಮೂನೆ 7, ತಿದ್ದುಪಡಿಗೂ ವಿಳಾಸ ಬದಲಾವಣೆಗೂ ನಮೂನೆ 8. ಮದುವೆಯಾಗಿ ಬಂದ ಸೊಸೆಯಂದಿರ ಹೆಸರು ತವರಿನಲ್ಲೇ ಉಳಿದಿರುವುದು, ಗೋವಾಕ್ಕೆ ದುಡಿಯಲು ಹೋದವರ ಹೆಸರು ಎರಡೂ ಕಡೆ ಇರುವುದು ಕಾರವಾರದ ಕಡೆ ಸಾಮಾನ್ಯ. ಊರಿನ ಸೊಸೆಯಂದಿರ ಹೆಸರು ಸೇರಿಸಲು ನೆರವಾಗುವುದೇ ಹೊಸಬರು ಮಾಡಬಹುದಾದ ಮೊದಲ ಒಳ್ಳೆಯ ಕೆಲಸ.

ಅನರ್ಹತೆಯ ಕಾರಣಗಳಲ್ಲಿ ನಮ್ಮ ಕಡೆ ನಿಜವಾಗಿ ಎಡವಿಸುವವು ನಾಲ್ಕು.

ಮೊದಲನೆಯದು ಬಾಕಿ. ಪಂಚಾಯತಕ್ಕೆ ಸಲ್ಲಬೇಕಾದ ಮನೆ ತೆರಿಗೆ ಅಥವಾ ನೀರಿನ ಕರಕ್ಕೆ ಬೇಡಿಕೆ ಬಂದು, ಗಡುವು ಮುಗಿದರೂ ಕಟ್ಟದಿದ್ದರೆ ನಾಮಪತ್ರ ಬೀಳುತ್ತದೆ. ಒಟ್ಟು ಕುಟುಂಬದ ಮನೆ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುವುದು ಶಿರಸಿ, ಸಿದ್ದಾಪುರದ ಕಡೆ ಹೆಚ್ಚು. ಬಾಕಿ ಯಾರ ಹೆಸರಿನಲ್ಲಿದೆ ಎಂದು ವಾದ ಮಾಡುತ್ತ ಕೂರಬೇಡಿ, ಮನೆಯ ಎಲ್ಲ ಖಾತೆಗಳ ಬಾಕಿ ತೀರಿಸಿ ಪಂಚಾಯತ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಬೇಬಾಕಿ ಪತ್ರ ಪಡೆಯಿರಿ. ರಸೀದಿಗಳ ಪ್ರತಿಯನ್ನೂ ಇಟ್ಟುಕೊಳ್ಳಿ.

ಎರಡನೆಯದು ಗುತ್ತಿಗೆ. ಪಂಚಾಯತಕ್ಕೆ ಜಲ್ಲಿ ಪೂರೈಸುವವರು, ಪೈಪ್‌ಲೈನ್ ದುರಸ್ತಿ ಮಾಡುವವರು, ಟ್ಯಾಂಕರ್ ಓಡಿಸುವವರು ನಾಮಪತ್ರಕ್ಕೆ ಮೊದಲೇ ಆ ವ್ಯವಹಾರ ಮುಗಿಸಿ, ಮುಗಿದಿದೆ ಎಂಬುದನ್ನು ಬರಹದಲ್ಲಿ ಪಡೆಯಬೇಕು.

ಮೂರನೆಯದು ಸರಕಾರದ ಅಥವಾ ಸ್ಥಳೀಯ ಸಂಸ್ಥೆಯ ಸಂಬಳದ ಹುದ್ದೆ. ನೀರುಗಂಟಿ, ಕರ ವಸೂಲಿಗಾರರಂಥ ಪಂಚಾಯತ ನೌಕರರು ಹುದ್ದೆಯಲ್ಲಿದ್ದು ನಿಲ್ಲುವಂತಿಲ್ಲ. ಕೈಗಾದಲ್ಲೋ ಸೀಬರ್ಡ್ ನೌಕಾನೆಲೆಯಲ್ಲೋ ಕೆಲಸ ಮಾಡುವವರು, ಗೌರವಧನದ ಮೇಲೆ ದುಡಿಯುವವರು ತಮ್ಮ ಕಚೇರಿಯಿಂದ ಲಿಖಿತ ಸ್ಪಷ್ಟನೆ ಪಡೆದ ಮೇಲೆಯೇ ಹೆಜ್ಜೆ ಇಡಬೇಕು. ಬಾಯಿಮಾತಿನ ಒಪ್ಪಿಗೆ ಪರಿಶೀಲನೆಯ ದಿನ ಕೆಲಸಕ್ಕೆ ಬರುವುದಿಲ್ಲ.

ನಾಲ್ಕನೆಯದು ಶೌಚಾಲಯ. ಮನೆಯವರ ಬಳಕೆಗೆ ಶೌಚಾಲಯ ಇರಬೇಕೆಂದು ಕಾಯ್ದೆ ಹೇಳುತ್ತದೆ. ಇಲ್ಲದಿದ್ದರೆ ಒಂದು ವರ್ಷದೊಳಗೆ ಕಟ್ಟಿಸುವೆನೆಂದು ಮುಚ್ಚಳಿಕೆ ಬರೆದುಕೊಡಬೇಕು.

ಮೀಸಲಾತಿ ಮತ್ತು ಜಾತಿ ಪ್ರಮಾಣಪತ್ರ

ಹೊಸಬರ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುವುದು ಮೀಸಲಾತಿ ಪಟ್ಟಿ. ಒಟ್ಟು ಸ್ಥಾನಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರಿಗೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳಿಗೆ ಜನಸಂಖ್ಯೆಯ ಪ್ರಮಾಣದಲ್ಲಿ. ಹಿಂದುಳಿದ ವರ್ಗಕ್ಕೆ ಸಿಗುವ ಸ್ಥಾನಗಳಲ್ಲಿ ಶೇಕಡಾ 80 ಪ್ರವರ್ಗ ‘ಎ’ಗೆ, 20 ಪ್ರವರ್ಗ ‘ಬಿ’ಗೆ. ಕಳೆದ ಸಲ ಸಾಮಾನ್ಯವಿದ್ದ ಸ್ಥಾನ ಈ ಸಲ ಮಹಿಳಾ ಮೀಸಲಾಗಬಹುದು.

ಇಲ್ಲಿ ಬಹಳ ಮಂದಿ ಜಾರುವ ಒಂದು ಜಾಗವಿದೆ. ಶಾಲೆ, ಕಾಲೇಜು, ನೌಕರಿಗೆ ಬಳಸುವ 2ಎ, 3ಬಿ ಪ್ರಮಾಣಪತ್ರ ಬೇರೆ, ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಬೇಕಾದ ಪ್ರವರ್ಗ ‘ಎ’ ಅಥವಾ ‘ಬಿ’ ಪ್ರಮಾಣಪತ್ರ ಬೇರೆ. ನಾಮಧಾರಿ, ಹಾಲಕ್ಕಿ, ಅಂಬಿಗ, ಖಾರ್ವಿ, ಹರಿಕಂತ್ರ ಹೀಗೆ ನಮ್ಮ ಸಮುದಾಯ ಯಾವ ಪ್ರವರ್ಗಕ್ಕೆ ಸೇರುತ್ತದೆ ಎಂಬುದನ್ನು ನಾಡಕಚೇರಿಯಲ್ಲಿ ಕೇಳಿ, ಚುನಾವಣೆಯ ಉದ್ದೇಶಕ್ಕೆಂದೇ ಅರ್ಜಿ ಹಾಕಿ. ಸಿದ್ದಿಯರು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಯುವಕ ಯುವತಿಯರು ತಮ್ಮ ವಾರ್ಡಿನ ಮೀಸಲು ಸ್ಥಾನವನ್ನು ಬೇರೆಯವರ ಸೂತ್ರದ ಗೊಂಬೆಗೆ ಬಿಟ್ಟುಕೊಡದೆ ತಾವೇ ನಿಲ್ಲಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಅಧಿಸೂಚನೆ ಬಂದ ವಾರದಲ್ಲಿ ನಾಡಕಚೇರಿ ತುಂಬಿ ಹೋಗುತ್ತದೆ. ಪತ್ರದ ಮೇಲೆ ಆರ್‌ಡಿ ಸಂಖ್ಯೆ ಇದೆಯೇ, ಹೆಸರಿನ ಅಕ್ಷರ, ತಂದೆ ಅಥವಾ ಗಂಡನ ಹೆಸರು ಮತದಾರರ ಪಟ್ಟಿಯೊಂದಿಗೆ ಹೊಂದುತ್ತದೆಯೇ ಎಂದು ಮೊದಲೇ ನೋಡಿ.

ವಾರ್ಡು ಮಹಿಳಾ ಮೀಸಲಾದರೆ ಹೆಂಡತಿಯನ್ನು ನಿಲ್ಲಿಸಿ ಸಹಿ ಮಾತ್ರ ಮಾಡಿಸುವ ಪದ್ಧತಿ ಇನ್ನೂ ಇದೆ. ಇದು ಆ ಹೆಣ್ಣುಮಗಳಿಗೂ ಊರಿಗೂ ಮಾಡುವ ಅನ್ಯಾಯ. ಸಂಜೀವಿನಿ ಒಕ್ಕೂಟದಲ್ಲಿ, ಸ್ತ್ರೀಶಕ್ತಿ ಸಂಘಗಳಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದ, ಬ್ಯಾಂಕಿಗೆ ಓಡಾಡಿದ ಹೆಂಗಸರು ಪ್ರತಿ ಕೇರಿಯಲ್ಲೂ ಇದ್ದಾರೆ. ಅಂಥವರನ್ನು ನಿಲ್ಲಿಸಿ, ನೀವು ಅವರ ಪ್ರಚಾರದ ಕೆಲಸ ಮಾಡಿ. ನಿಲ್ಲುವ ಹೆಂಗಸರಿಗೆ ಒಂದು ಮಾತು: ಸಾಮಾನ್ಯ ಸ್ಥಾನಕ್ಕೂ ನೀವು ನಿಲ್ಲಬಹುದು, ಮೀಸಲು ಸ್ಥಾನಕ್ಕೇ ಕಾಯಬೇಕೆಂದಿಲ್ಲ.

ಮತದ ಲೆಕ್ಕ: ‘ಒಂದು ನನಗೆ’

ಜನಸಂಖ್ಯೆಯ ಪ್ರತಿ 400ಕ್ಕೆ ಒಬ್ಬ ಸದಸ್ಯ ಎಂಬುದು ಕಾಯ್ದೆಯ ಅಳತೆ. ಮೂರು ಸ್ಥಾನದ ವಾರ್ಡೆಂದರೆ ಸುಮಾರು 1,200 ಜನ. ಅದರಲ್ಲಿ ಮತದಾರರು 900 ಎಂದಿಟ್ಟುಕೊಳ್ಳಿ. ಹತ್ತರಲ್ಲಿ ಎಂಟು ಮಂದಿ ಬಂದರೆ 720 ಮತಪತ್ರ. ಒಬ್ಬೊಬ್ಬರಿಗೆ ಮೂರು ಮತ, ಆದರೆ ಒಬ್ಬ ಅಭ್ಯರ್ಥಿಗೆ ಒಂದೇ ಮತ ಹಾಕಬಹುದು. ಎಲ್ಲರೂ ಮೂರನ್ನೂ ಬಳಸಿದರೆ 2,160 ಮತ. ವಾಸ್ತವದಲ್ಲಿ ಅನೇಕರು ಒಂದೋ ಎರಡೋ ಒತ್ತಿ ಬರುತ್ತಾರೆ.

ಈಗ ಯೋಚಿಸಿ. ಊರಿನ ಹಳೆಯ ಮುಖಂಡರಿಗೆ ಗಟ್ಟಿ ಬೆಂಬಲಿಗರಿರುತ್ತಾರೆ. ಅವರ ಮೊದಲ ಮತವನ್ನು ಕೀಳಲು ಹೋದರೆ ಜಗಳ ಹುಟ್ಟುತ್ತದೆ, ಮತವೂ ಸಿಗುವುದಿಲ್ಲ. ಅದೇ ಮತದಾರರ ಎರಡನೆಯ, ಮೂರನೆಯ ಮತಕ್ಕೆ ಗಟ್ಟಿ ಒಡೆಯರಿಲ್ಲ. ಹೊಸಬರು ಕೇಳಬೇಕಾದ್ದು ಅದನ್ನು. ಮನೆಯಂಗಳದಲ್ಲಿ ಹೇಳಬೇಕಾದ ಮಾತು ಇಷ್ಟು: “ಅಕ್ಕಾ, ನಿಮಗೆ ಮೂರು ಮತ ಇದೆ. ಎರಡು ನಿಮಗೆ ಬೇಕಾದವರಿಗೆ ಹಾಕಿ, ಒಂದು ನನಗೆ ಕೊಡಿ.” ಈ ಮಾತಿಗೆ ಬಾಗಿಲು ಮುಚ್ಚುವವರು ಕಡಿಮೆ. 720 ಮತಪತ್ರಗಳಲ್ಲಿ 300ರಲ್ಲಿ ನಿಮ್ಮ ಗುರುತು ಬಿದ್ದರೆ ಮೂರು ಸ್ಥಾನದ ವಾರ್ಡಿನಲ್ಲಿ ಗೆಲುವಿನ ಹತ್ತಿರ ಇರುತ್ತೀರಿ.

ಎದುರಾಳಿಗಳೂ ಸುಮ್ಮನಿರುವುದಿಲ್ಲ. ಕೊನೆಯ ರಾತ್ರಿ “ನಮಗೊಂದೇ ಹಾಕಿ, ಉಳಿದದ್ದು ಖಾಲಿ ಬಿಡಿ” ಎಂಬ ಮಾತು ಕೇರಿಯಲ್ಲಿ ಹರಿದಾಡುತ್ತದೆ. ಅದರಿಂದ ಹೆಚ್ಚು ನಷ್ಟವಾಗುವುದು ಎರಡನೇ ಮತ ನಂಬಿದವರಿಗೆ. ಉತ್ತರವಾಗಿ ನೀವು ಹೇಳಬೇಕಾದ್ದು ಮತ ಖಾಲಿ ಬಿಟ್ಟರೆ ಅದು ಯಾರಿಗೂ ಸಿಗದೆ ಹೋಗುತ್ತದೆ ಎಂಬುದನ್ನು, ಪ್ರಚಾರದ ಮೊದಲ ದಿನದಿಂದಲೇ.

ಸ್ಥಾನಗಳಿಗಿಂತ ಹೆಚ್ಚು ಗುರುತು ಒತ್ತಿದರೆ ಆ ಮತಪತ್ರವೇ ತಿರಸ್ಕೃತ. ಮೂರರ ವಾರ್ಡಿನಲ್ಲಿ ನಾಲ್ಕು ಒತ್ತಿದ ಅಜ್ಜಿಯ ನಾಲ್ಕೂ ಹಾಳು. ಆದ್ದರಿಂದ ಎಷ್ಟು ಮತ ಎಂಬುದನ್ನು ಬೆರಳೆತ್ತಿ ತೋರಿಸಿ ಹೇಳಿ.

ಪಕ್ಷಗಳು ಹಿಂದಿನಿಂದ ‘ಪ್ಯಾನಲ್’ ಮಾಡುತ್ತವೆ: ಮೂರು ಸ್ಥಾನಕ್ಕೆ ಮೂವರ ಗುಂಪು. ಸೇರಬೇಕೇ? ಬೇರೆ ಬೇರೆ ಮೀಸಲು ವರ್ಗದ, ಬೇರೆ ಬೇರೆ ಮಜರೆಯ ಮೂವರು ಒಟ್ಟಾದರೆ ಒಬ್ಬರ ಮತ ಇನ್ನೊಬ್ಬರಿಗೆ ಹರಿಯುತ್ತದೆ, ಕರಪತ್ರದ ಖರ್ಚೂ ಹಂಚಿಹೋಗುತ್ತದೆ. ಆದರೆ ಅದರಲ್ಲೊಬ್ಬರ ಮೇಲೆ ಊರಿಗೆ ಸಿಟ್ಟಿದ್ದರೆ ಆ ಸಿಟ್ಟು ನಿಮ್ಮ ಮೇಲೂ ಬೀಳುತ್ತದೆ. ನಮ್ಮ ಸಲಹೆ: ಮಜರೆ ಬೇರೆ, ಹೆಸರು ಸ್ವಚ್ಛ ಎಂದಿದ್ದರೆ ಮಾತ್ರ ಸೇರಿ.

ಪಂಚಾಯತದ ಕಾಗದ ಓದಿ

ಹೊಸಬರನ್ನು ಹಳಬರಿಂದ ಬೇರೆಯಾಗಿ ತೋರಿಸುವುದು ಮಾತಿನಲ್ಲಿರುವ ಖಚಿತತೆ. ‘ಅಭಿವೃದ್ಧಿ ಮಾಡುತ್ತೇನೆ’ ಎಂದರೆ ಯಾರೂ ಕಿವಿಗೊಡುವುದಿಲ್ಲ. ‘ನಮ್ಮ ಕೇರಿಯ ಪೈಪ್‌ಲೈನಿಗೆ ಕಳೆದ ವರ್ಷ ಇಷ್ಟು ಹಣ ಬಂದಿತ್ತು, ಕೆಲಸ ಅರ್ಧಕ್ಕೆ ನಿಂತಿದೆ’ ಎಂದರೆ ಅಡಿಕೆ ಸುಲಿಯುವ ಕೈ ನಿಲ್ಲುತ್ತದೆ.

ವಾರ್ಡ್ ಸಭೆ, ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ತಪ್ಪದೆ ಹೋಗಿ, ಒಂದು ಪ್ರಶ್ನೆಯನ್ನಾದರೂ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಲೆಕ್ಕಪತ್ರ ಜನರ ಮುಂದೆ ಬರುತ್ತದೆ. ಅಲ್ಲಿಗೆ ಬರುವವರು ಬೆರಳೆಣಿಕೆಯಷ್ಟು ಮಂದಿ, ಹೀಗಾಗಿ ಕೇಳುವವರ ಮಾತು ಎದ್ದು ಕಾಣುತ್ತದೆ. ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ನಿಮ್ಮ ಪಂಚಾಯತದ ವಾರ್ಷಿಕ ಯೋಜನೆ, ಹಣಕಾಸು ಆಯೋಗದ ಅನುದಾನದ ಖರ್ಚು ಸಿಗುತ್ತದೆ. ಅಲ್ಲಿ ಸಿಗದ್ದಕ್ಕೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ. ಬೇಡಿಕೆ ಚಿಕ್ಕದಾಗಿರಲಿ: ಒಂದು ವಾರ್ಡು, ಒಂದು ವರ್ಷ, ಒಂದು ಕಾಮಗಾರಿ. ‘ಹತ್ತು ವರ್ಷದ ಎಲ್ಲ ದಾಖಲೆ’ ಎಂದು ಕೇಳಿದರೆ ಉತ್ತರವೂ ತಡ, ಪಿಡಿಒ ಅವರ ಮನಸ್ಸೂ ಕಹಿ.

ಹಾಗೆಯೇ ಪಂಚಾಯತದ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಬೇರೆ ಮಾಡಿಕೊಳ್ಳಿ. ಕುಡಿಯುವ ನೀರು, ಬೀದಿದೀಪ, ಚರಂಡಿ, ಕಸ ವಿಲೇವಾರಿ, ಒಳರಸ್ತೆ, ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11, ಗ್ರಾಮ ಸಭೆಯಲ್ಲಿ ಮನೆ ಫಲಾನುಭವಿಗಳ ಆಯ್ಕೆ, ಉದ್ಯೋಗ ಖಾತರಿ ಕೆಲಸ: ಇವು ಇವೆ. ಹೆದ್ದಾರಿ, ಅರಣ್ಯ ಇಲಾಖೆ, ಕರಾವಳಿ ನಿಯಂತ್ರಣ ವಲಯದ ಅನುಮತಿ, ದೊಡ್ಡ ಆಸ್ಪತ್ರೆ, ಮೊಬೈಲ್ ಟವರ್: ಇವು ಇಲ್ಲ.

ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ಸುಳ್ಳು ಭರವಸೆ ಕೊಡುವುದು ಅರಣ್ಯ ಅತಿಕ್ರಮಣದ ವಿಷಯದಲ್ಲಿ. ‘ಪಟ್ಟಾ ಕೊಡಿಸುತ್ತೇನೆ’ ಎಂದು ಯಾವ ಪಂಚಾಯತ ಸದಸ್ಯರೂ ಹೇಳುವಂತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ್ತವ್ಯ ತೋರಿಸಬೇಕು. ಇದೇ ಕಷ್ಟದ ಗಂಟು. ಆದರೆ ಹಕ್ಕಿನ ಅರ್ಜಿ ಮೊದಲು ಬರುವುದು ಗ್ರಾಮ ಮಟ್ಟದ ಅರಣ್ಯ ಹಕ್ಕು ಸಮಿತಿ ಮತ್ತು ಗ್ರಾಮ ಸಭೆಯ ಮುಂದೆ. ಸಭೆ ಸರಿಯಾಗಿ ಕರೆಸುವುದು, ಅರ್ಜಿಯ ಸ್ಥಿತಿ ಬರಹದಲ್ಲಿ ತರಿಸಿಕೊಡುವುದು, ಹಿರಿಯರ ಹೇಳಿಕೆ ದಾಖಲಿಸುವುದು ಸದಸ್ಯರ ಕೈಯಲ್ಲಿದೆ. ಭರವಸೆ ಕೊಡುವುದಿದ್ದರೆ ಇಷ್ಟಕ್ಕೇ ಕೊಡಿ.

ಕರಪತ್ರದಲ್ಲಿ ಮೂರೇ ಕೆಲಸ ಬರೆಯಿರಿ, ಜಾಗದ ಹೆಸರು ಹಾಕಿ. ಘಟ್ಟದ ಮೇಲಾದರೆ ಮಳೆಗಾಲದಲ್ಲಿ ಶಾಲೆ ಮಕ್ಕಳು ದಾಟುವ ಹಳ್ಳಕ್ಕೊಂದು ಕಾಲುಸಂಕ, ಬೇಸಿಗೆಯಲ್ಲಿ ಬತ್ತುವ ಬಾವಿಗೆ ಬದಲಿ ವ್ಯವಸ್ಥೆ. ಕರಾವಳಿಯಾದರೆ ಉಪ್ಪುನೀರು ನುಗ್ಗುವ ಗಜನಿ ಬದಿಯ ಮನೆಗಳಿಗೆ ಸಿಹಿನೀರು, ಮೀನು ಮಾರುವ ಹೆಂಗಸರಿಗೆ ನೆರಳು ಮತ್ತು ಶೌಚಾಲಯ. ಉಪ್ಪುನೀರು ತಡೆಯುವ ಖಾರ್ಲ್ಯಾಂಡ್ ಒಡ್ಡಿನ ದುರಸ್ತಿ ಬೇರೆ ಇಲಾಖೆಯ ಕೆಲಸ. ಅದಕ್ಕೆ ಪಂಚಾಯತದ ಠರಾವು ಬರೆಸಿ ಬೆನ್ನುಹತ್ತುತ್ತೇನೆ ಎನ್ನಬಹುದು, ಮಾಡಿಸಿಯೇ ತೀರುತ್ತೇನೆ ಎನ್ನಬಾರದು.

ಮನೆ ಭೇಟಿ

900 ಮತದಾರರೆಂದರೆ ಹೆಚ್ಚು ಕಡಿಮೆ 225 ಮನೆ. ಕರಾವಳಿಯ ಕೇರಿಗಳಲ್ಲಿ ಮನೆಗೆ ಮನೆ ತಾಗಿಕೊಂಡಿರುತ್ತದೆ, ಸಂಜೆಗೆ 15 ಮನೆ ಮುಗಿಸಬಹುದು. ಶಿರಸಿ, ಸಿದ್ದಾಪುರದ ತೋಟದ ಮನೆಗಳು ಕಣಿವೆಗೊಂದು. ಜೋಯಿಡಾದಲ್ಲಿ ಒಂದು ಮಜರೆಯಿಂದ ಇನ್ನೊಂದಕ್ಕೆ ಕಾಡಿನ ದಾರಿ. ಅಲ್ಲಿ ಸಂಜೆಗೆ ಆರೇಳು ಮನೆಯಾದರೆ ಹೆಚ್ಚು. ಅಂದರೆ ಒಂದು ಸುತ್ತಿಗೆ ಕರಾವಳಿಯಲ್ಲಿ 15 ಸಂಜೆ, ಘಟ್ಟದಲ್ಲಿ 35. ಮೂರು ಸುತ್ತು ಬೇಕು: ಮೊದಲನೆಯದರಲ್ಲಿ ಕೇಳಿಸಿಕೊಳ್ಳಿ, ಮತದ ಮಾತೇ ಬೇಡ. ಎರಡನೆಯದರಲ್ಲಿ ಅವರು ಹೇಳಿದ್ದರ ಬಗ್ಗೆ ಏನು ಮಾಡಿದಿರಿ ಎಂದು ಹೇಳಿ. ಮೂರನೆಯದು ಚಿಹ್ನೆ ಬಂದ ಮೇಲೆ, ಎಂಟೇ ದಿನ ಇರುವುದರಿಂದ ಜೊತೆಯವರೊಂದಿಗೆ ಮನೆಗಳನ್ನು ಹಂಚಿಕೊಂಡು. ಮೊದಲ ಸುತ್ತು ತಪ್ಪಿಸಿದವರು ಮೂರನೇ ಸುತ್ತಿನಲ್ಲಿ ಹೋದಾಗ ‘ಓಟಿಗೆ ಬಂದ’ ಎನಿಸಿಕೊಳ್ಳುತ್ತಾರೆ.

ಹೊತ್ತು ನೋಡಿ ಹೋಗಿ. ನವೆಂಬರ್, ಡಿಸೆಂಬರ್ ಭತ್ತದ ಕೊಯ್ಲು ಮತ್ತು ಅಡಿಕೆ ಕೊನೆ ಇಳಿಸುವ ಕಾಲ. ಹಗಲು ಮನೆಯಲ್ಲಿ ಯಾರೂ ಸಿಗುವುದಿಲ್ಲ, ರಾತ್ರಿ ಅಡಿಕೆ ಸುಲಿಯುವ ಚಪ್ಪರದಲ್ಲಿ ನಾಲ್ಕು ಮನೆಯವರು ಒಟ್ಟಿಗೆ ಸಿಗುತ್ತಾರೆ. ಸುಲಿಯುವ ಕೆಲಸಕ್ಕೆ ನೀವೂ ಕೂತು ಮಾತಾಡಿ. ಕವಳದ ತಬಕು ಮುಂದೆ ಬಂದರೆ ಅವಸರ ಮಾಡಬೇಡಿ. ಮೀನುಗಾರರ ಕೇರಿಯಲ್ಲಿ ಬೆಳಿಗ್ಗೆ ಗಂಡಸರು ದೋಣಿಯಲ್ಲಿ, ಹೆಂಗಸರು ಪೇಟೆಯಲ್ಲಿ. ಮಧ್ಯಾಹ್ನದ ನಂತರ, ಬಲೆ ಹೆಣೆಯುವ ಹೊತ್ತಿಗೆ ಹೋಗಿ. ಯಂತ್ರದೋಣಿಗಳಿಗೆ ನಿಷೇಧವಿರುವ ಜೂನ್, ಜುಲೈ ತಿಂಗಳ 61 ದಿನ ಮೊದಲ ಸುತ್ತಿಗೆ ತಕ್ಕ ಕಾಲ. ಕಾರವಾರದ ಕೇರಿಗಳಲ್ಲಿ ಕೊಂಕಣಿ, ಹಳಿಯಾಳದ ಕಡೆ ಮರಾಠಿ ಬಲ್ಲವರೊಬ್ಬರು ಜೊತೆಗಿರಲಿ. ನಿಮಗೇ ನಾಲ್ಕು ಮಾತು ಬಂದರೆ ಇನ್ನೂ ಚೆಂದ.

ಜಾತಿಯ ಹಿರಿಯರನ್ನು, ಹಾಲಕ್ಕಿಗಳಲ್ಲಾದರೆ ಊರಗೌಡರನ್ನು, ಬುದವಂತರನ್ನು ಮೊದಲು ಕಂಡು ಮಾತಾಡಿ. ಅದು ಮರ್ಯಾದೆ. ಆದರೆ ಅವರು ‘ಆಯ್ತು’ ಎಂದ ಮಾತ್ರಕ್ಕೆ ಇಡೀ ಕೇರಿ ನಿಮ್ಮದೆಂದು ತಿಳಿದು ಮನೆ ಭೇಟಿ ಬಿಡಬೇಡಿ. ಮತ ಹಾಕುವ ಮರೆಯಲ್ಲಿ ಸೊಸೆ ತನ್ನ ಮನಸ್ಸಿನಂತೆಯೇ ಒತ್ತುತ್ತಾಳೆ.

ಒಂದು ಗಟ್ಟಿ ರಟ್ಟಿನ ಪುಸ್ತಕದಲ್ಲಿ ಮನೆಗೊಂದು ಸಾಲು: ಪಟ್ಟಿಯ ಕ್ರಮಸಂಖ್ಯೆ, ಮತದಾರರ ಸಂಖ್ಯೆ, ಊರಲ್ಲಿರುವವರು, ಹೊರಗಿರುವವರು, ಹೇಳಿದ ತೊಂದರೆ, ಮಾಡಿದ ಕೆಲಸ. ಹೊರಗಿರುವವರ ಅಂಕಣವನ್ನು ಹಗುರಾಗಿ ನೋಡಬೇಡಿ. ಘಟ್ಟದ ಊರುಗಳಲ್ಲಿ ಪ್ರಾಯದವರು ಬೆಂಗಳೂರಿನಲ್ಲಿ, ಕಾರವಾರದವರು ಗೋವಾದಲ್ಲಿ, ಭಟ್ಕಳದವರು ಕೊಲ್ಲಿ ದೇಶಗಳಲ್ಲಿ. ಮತದಾನದ ದಿನ ಘೋಷಣೆಯಾದ ಕೂಡಲೇ ಫೋನ್ ಮಾಡಿ, ಬಸ್ ಟಿಕೆಟ್ ಅವರೇ ತೆಗೆಸಿಕೊಳ್ಳಲಿ. ನೀವು ಟಿಕೆಟ್ ಹಣ ಕೊಡುವುದು, ಮತದಾರರನ್ನು ಸಾಗಿಸಲು ಬಾಡಿಗೆ ಗಾಡಿ ಮಾಡುವುದು ಚುನಾವಣಾ ಅಕ್ರಮ. ಗೆದ್ದ ಮೇಲೂ ಅದು ಸ್ಥಾನ ಕಳೆಯಬಲ್ಲದು.

ನಾಮಪತ್ರದ ದಿನಗಳು

ಅಧಿಸೂಚನೆ ಬಂದ ಮೊದಲ ದಿನವೇ ಚುನಾವಣಾಧಿಕಾರಿಯ ಬಳಿ ಹೋಗಿ ನಮೂನೆ ಮತ್ತು ಲಗತ್ತುಗಳ ಕಿರುಪಟ್ಟಿ ತನ್ನಿ. ಎರಡನೆಯ ದಿನ ತುಂಬಿ, ಮೂರನೆಯ ದಿನ ಸಲ್ಲಿಸಿ. ಕೊನೆಯ ದಿನಕ್ಕೆ ಉಳಿಸಿದರೆ ತಪ್ಪು ತಿದ್ದಲು ಹೊತ್ತಿರುವುದಿಲ್ಲ. ಸಲ್ಲಿಕೆಯ ಹೊತ್ತು ಬೆಳಿಗ್ಗೆ 11ರಿಂದ ಮಧ್ಯಾಹ್ನ 3. ಚೀಲದಲ್ಲಿ ಇರಬೇಕಾದ್ದು:

- ತುಂಬಿದ ನಾಮಪತ್ರ, ನಿಮ್ಮ ಮತ್ತು ಸೂಚಕರ ಸಹಿಯೊಂದಿಗೆ
- ಮತದಾರರ ಪಟ್ಟಿಯ ನಿಮ್ಮ ಹಾಗೂ ಸೂಚಕರ ಪುಟದ ಪ್ರತಿ
- ಮೀಸಲು ಸ್ಥಾನಕ್ಕೆ ಅಥವಾ ಕಡಿಮೆ ಠೇವಣಿಗೆ ಜಾತಿ ಪ್ರಮಾಣಪತ್ರ
- ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ, ವಿದ್ಯಾಭ್ಯಾಸದ ಘೋಷಣೆ
- ಬೇಬಾಕಿ ಪತ್ರ, ಶೌಚಾಲಯದ ಬಗ್ಗೆ ಘೋಷಣೆ, ಭಾವಚಿತ್ರಗಳು
- ಠೇವಣಿ ಹಣ, ರಸೀದಿ ಹಾಕಿಕೊಳ್ಳಲು ಒಂದು ಕವರು

ಘೋಷಣೆಯಲ್ಲಿ ಯಾವ ಅಂಕಣವನ್ನೂ ಖಾಲಿ ಬಿಡಬೇಡಿ, ಇಲ್ಲದಿದ್ದರೆ ‘ಇಲ್ಲ’ ಎಂದು ಬರೆಯಿರಿ. ಸೊಸೈಟಿಯ ಬೆಳೆಸಾಲ, ಒಡವೆಯ ಮೇಲಿನ ಸಾಲ ಎಲ್ಲ ಸೇರಲಿ. ಅತಿಕ್ರಮಣ ಪ್ರಕರಣ ಅರಣ್ಯ ಇಲಾಖೆಯಲ್ಲಿ ದಾಖಲಾಗಿದ್ದರೆ ಮುಚ್ಚಿಡಬೇಡಿ, ವಕೀಲರನ್ನು ಕೇಳಿ ಸರಿಯಾಗಿ ಬರೆಯಿರಿ.

ಹೆಸರಿನ ವಿಷಯ ಚಿಕ್ಕದೆನಿಸಿದರೂ ದುಬಾರಿ. ಕರಾವಳಿಯ ಒಂದೇ ವಾರ್ಡಿನಲ್ಲಿ ಇಬ್ಬರು ಮಂಜುನಾಥ ನಾಯ್ಕ, ಘಟ್ಟದಲ್ಲಿ ಇಬ್ಬರು ಗಣಪತಿ ಹೆಗಡೆ ಇರುವುದು ಸಹಜ. ತಂದೆಯ ಹೆಸರಿನ ಮೊದಲಕ್ಷರ, ಮನೆತನ ಅಥವಾ ಮಜರೆಯ ಹೆಸರು ಸೇರಿಸಿ ಮತಪತ್ರದಲ್ಲಿ ಬೇರೆಯಾಗಿ ಕಾಣುವಂತೆ ಬರೆಯಿಸಲು ನಾಮಪತ್ರದ ಹೊತ್ತಿಗೇ ಕೇಳಿ.

ಪರಿಶೀಲನೆಯ ದಿನ ಸೂಚಕರೊಂದಿಗೆ ಹಾಜರಿರಿ. ಮೂಲ ದಾಖಲೆಗಳು ಕೈಯಲ್ಲಿರಲಿ. ಆಕ್ಷೇಪ ಬಂದರೆ ಗಲಾಟೆ ಬೇಡ, ಉತ್ತರವನ್ನು ಬರಹದಲ್ಲಿ ಕೊಡಿ, ತಿರಸ್ಕರಿಸಿದರೆ ಆದೇಶದ ಪ್ರತಿ ಕೇಳಿ ಪಡೆಯಿರಿ.

ಹಿಂತೆಗೆತದ ಗಡುವಿನವರೆಗಿನ ಎರಡು ದಿನ ಹೊಸಬರಿಗೆ ಅತಿ ಕಠಿಣ. ‘ಊರಿನ ಒಗ್ಗಟ್ಟಿಗಾಗಿ’ ಹಿಂದೆ ಸರಿಯಿರಿ, ದೇವಸ್ಥಾನಕ್ಕೆ ಇಷ್ಟು ಕೊಡುವವರಿಗೆ ಸ್ಥಾನ ಬಿಡೋಣ ಎಂಬ ಮಾತು ಬರುತ್ತದೆ. ಸ್ಥಾನ ಹರಾಜು ಹಾಕುವುದು ಅಪರಾಧ. 2020ರಲ್ಲಿ ರಾಜ್ಯದ ಹಲವೆಡೆ ಇಂಥ ಹರಾಜು ನಡೆದು, ರಾಜ್ಯ ಚುನಾವಣಾ ಆಯೋಗ ಕ್ರಮದ ಎಚ್ಚರಿಕೆ ಕೊಡಬೇಕಾಯಿತು. ನಿಲ್ಲುವುದೋ ಬಿಡುವುದೋ ಎಂಬುದನ್ನು ಮನೆಯವರೊಂದಿಗೆ ಮೊದಲೇ ನಿಶ್ಚಯಿಸಿ, ಆ ಎರಡು ದಿನ ಮನೆಯಲ್ಲಿ ಒಬ್ಬರೇ ಇರಬೇಡಿ.

ಚಿಹ್ನೆ ಮತ್ತು ಎಂಟು ದಿನ

ಆಯೋಗದ ಮುಕ್ತ ಚಿಹ್ನೆಗಳ ಪಟ್ಟಿಯಿಂದ ಆರಿಸಬೇಕು. ಊರಿನ ಎಂಬತ್ತರ ಅಜ್ಜಿ ಕಪ್ಪುಬಿಳುಪಿನ ಚಿಕ್ಕ ಚಿತ್ರದಲ್ಲಿ ಗುರುತಿಸುವಂಥದ್ದು, ಬಾಯಲ್ಲಿ ಒಂದೇ ಮಾತಿನಲ್ಲಿ ಹೇಳುವಂಥದ್ದು ಇರಲಿ. ಹೊಲಿಗೆ ಯಂತ್ರ, ಆಟೋ ರಿಕ್ಷಾದಂಥವು ಒಳ್ಳೆಯವು.

ಚಿಹ್ನೆ ಸಿಕ್ಕ ಸಂಜೆಯೇ ಕರಪತ್ರ ಮುದ್ರಣಕ್ಕೆ ಹೋಗಬೇಕು. ಪಠ್ಯವನ್ನು ಮೊದಲೇ ಸಿದ್ಧಮಾಡಿ ಚಿಹ್ನೆಯ ಜಾಗ ಮಾತ್ರ ಖಾಲಿ ಬಿಟ್ಟಿರಿ. 225 ಮನೆಗೆ ಮೂರರಂತೆ ಕೊಡಲು 700 ಪ್ರತಿ, ಅಂಗಡಿ ಹಾಲು ಸಂಘಗಳಿಗೆಂದು ಇನ್ನೊಂದಿಷ್ಟು ಸೇರಿ 1,000 ಸಾಕು. ಮುದ್ರಕರ, ಪ್ರಕಾಶಕರ ಹೆಸರು, ಪ್ರತಿಗಳ ಸಂಖ್ಯೆ ಕೆಳಗೆ ಇರಲಿ. ಪಕ್ಷದ ಬಾವುಟ, ನಾಯಕರ ಚಿತ್ರ ಬೇಡ. ದೇವಸ್ಥಾನ, ಮಸೀದಿ, ಇಗರ್ಜಿಯ ಆವರಣದಲ್ಲಿ ಪ್ರಚಾರ ಬೇಡ. ಧ್ವನಿವರ್ಧಕ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷಿದ್ಧ. ನಿಜವಾಗಿ ಈ ಚುನಾವಣೆಗೆ ಧ್ವನಿವರ್ಧಕದ ಅಗತ್ಯವೇ ಇಲ್ಲ.

ಖರ್ಚನ್ನೆಲ್ಲ ದಿನವೂ ಬರೆದಿಡಿ. ಹೆಂಡ, ಹಣ, ಸೀರೆ ಹಂಚುವವರು ನಿಮ್ಮ ಎದುರಿರಬಹುದು. ನೀವು ಹಂಚಬೇಡಿ. ಐದು ವರ್ಷ ಅದೇ ದಾರಿಯಲ್ಲಿ ನಡೆಯಬೇಕಾದವರು ನೀವು, ಮತ ಕೊಂಡವರ ಬಳಿ ನೀರಿನ ಪೈಪು ಕೇಳುವ ಹಕ್ಕು ಜನರಿಗೂ ಉಳಿಯುವುದಿಲ್ಲ.

ಮತದಾನ, ಎಣಿಕೆ

ಪ್ರತಿ ಮತಗಟ್ಟೆಗೆ ಒಬ್ಬ ಏಜೆಂಟ್, ಬದಲಿಗೆ ಇನ್ನೊಬ್ಬರು. ಕೇರಿಯವರ ಮುಖ ಗುರುತಿರುವ ನಡುವಯಸ್ಸಿನ ಹೆಂಗಸು ಇದಕ್ಕೆ ಅತ್ಯುತ್ತಮ. ಮತದಾನ ಬೆಳಿಗ್ಗೆ 7ಕ್ಕೆ ಶುರುವಾಗುವುದರಿಂದ ಏಜೆಂಟರು ಆರೂವರೆಗೇ ಇರಬೇಕು, ಖಾಲಿ ಮತಪೆಟ್ಟಿಗೆಯನ್ನು ಕಣ್ಣಾರೆ ನೋಡಿ ಮುದ್ರೆ ಹಾಕಿಸಬೇಕು. 2020ರಲ್ಲಿ ಬೀದರ್ ಬಿಟ್ಟರೆ ಉಳಿದ ಜಿಲ್ಲೆಗಳಲ್ಲಿ ಮತಪತ್ರವೇ ಬಳಕೆಯಾಯಿತು. ಮತಪತ್ರವಾದರೆ ಮಡಿಸುವ ಮುನ್ನ ಶಾಯಿ ಒಣಗಲಿ ಎಂಬುದನ್ನು ಮನೆ ಭೇಟಿಯಲ್ಲೇ ಹೇಳಿಡಿ. ಹಸಿ ಶಾಯಿ ಇನ್ನೊಂದು ಚಿಹ್ನೆಯ ಮೇಲೆ ಮೂಡಿದರೆ ಎಣಿಕೆಯಲ್ಲಿ ತಕರಾರು ಹುಟ್ಟುತ್ತದೆ.

ಮಧ್ಯಾಹ್ನ ಒಂದಕ್ಕೆ ನಿಮ್ಮ ಪುಸ್ತಕ ತೆಗೆದು ಯಾರು ಬಂದಿಲ್ಲ ನೋಡಿ, ಅವರ ಮನೆಗೆ ಫೋನ್ ಮಾಡಿ. ತೋಟದ ಕೆಲಸದಲ್ಲಿ ಮರೆತವರು, ದೋಣಿ ತಡವಾಗಿ ಬಂದವರು ಕೊನೆಯ ಎರಡು ಗಂಟೆಯಲ್ಲಿ ಸಿಗುತ್ತಾರೆ.

ಎಣಿಕೆಗೆ ಲೆಕ್ಕದಲ್ಲಿ ಗಟ್ಟಿಯಾದವರನ್ನು ಏಜೆಂಟರಾಗಿ ಕಳಿಸಿ. ತಿರಸ್ಕೃತ ಮತಪತ್ರಗಳ ಕಟ್ಟನ್ನು ಗಮನವಿಟ್ಟು ನೋಡಬೇಕು. ಈ ಚುನಾವಣೆಯಲ್ಲಿ ಎರಡು ಮೂರು ಮತದ ಅಂತರ ಅಪರೂಪವಲ್ಲ. ಮರುಎಣಿಕೆ ಬೇಕಿದ್ದರೆ ಫಲಿತಾಂಶ ಘೋಷಣೆಗೆ ಮುನ್ನವೇ, ಕಾರಣದೊಂದಿಗೆ, ಬರಹದಲ್ಲಿ ಕೇಳಿ. ಸಮಬಲವಾದರೆ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಅಕ್ರಮ ನಡೆದಿದೆ ಎಂಬುದಕ್ಕೆ ಪುರಾವೆ ಇದ್ದರೆ ಘೋಷಣೆಯಾದ 30 ದಿನದೊಳಗೆ ಸಿವಿಲ್ ನ್ಯಾಯಾಲಯದಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಬೇಕು.

ಗೆದ್ದವರಿಗೆ, ಸೋತವರಿಗೆ

ಗೆದ್ದ ಮೊದಲ ವಾರದಲ್ಲೇ ಅಧ್ಯಕ್ಷ, ಉಪಾಧ್ಯಕ್ಷರ ಆಯ್ಕೆಗಾಗಿ ಜನ ಮನೆಗೆ ಬರುತ್ತಾರೆ. ಅಧ್ಯಕ್ಷರ ಅವಧಿ 30 ತಿಂಗಳು. ಅದಕ್ಕೂ ಮೀಸಲಾತಿ ಇದೆ. ಪಂಚಾಯತ ಸದಸ್ಯರು ವಿಧಾನ ಪರಿಷತ್ತಿನ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೂ ಮತದಾರರು, ಆದ್ದರಿಂದ ಪಕ್ಷದವರ ಪ್ರೀತಿ ಇದ್ದಕ್ಕಿದ್ದಂತೆ ಹೆಚ್ಚುತ್ತದೆ. ಪ್ರವಾಸಕ್ಕೆ ಕರೆದರೆ ಹೋಗಬೇಡಿ. ಬೆಂಬಲ ಕೊಡುವುದಿದ್ದರೆ ನಿಮ್ಮ ಕರಪತ್ರದ ಮೂರು ಕೆಲಸಗಳಲ್ಲಿ ಒಂದನ್ನಾದರೂ ಮೊದಲ ವರ್ಷದ ಕ್ರಿಯಾಯೋಜನೆಗೆ ಸೇರಿಸುವ ಮಾತು ತೆಗೆದುಕೊಂಡು ಕೊಡಿ. ಪ್ರತಿ ವರ್ಷ ಆಸ್ತಿ ಘೋಷಣೆ ಸಲ್ಲಿಸುವುದನ್ನು ಮರೆಯಬೇಡಿ, ಮರೆತರೆ ಅದರಿಂದಲೇ ಸದಸ್ಯತ್ವ ಹೋಗಬಹುದು. ಶೌಚಾಲಯದ ಮುಚ್ಚಳಿಕೆ ಕೊಟ್ಟಿದ್ದರೆ ಒಂದು ವರ್ಷದ ಗಡುವನ್ನೂ ನೆನಪಿಡಿ.

ಸೋತಿದ್ದರೆ ಪುಸ್ತಕವನ್ನು ಎತ್ತಿಡಬೇಡಿ. ಯಾವ ಮಜರೆಯಲ್ಲಿ ನಿರೀಕ್ಷಿಸಿದಷ್ಟು ಬರಲಿಲ್ಲ, ಅಲ್ಲಿ ಎರಡನೇ ಸುತ್ತು ಸರಿಯಾಗಿ ಮಾಡಿದ್ದಿರೇ, ಖಾಲಿ ಬಿಟ್ಟ ಮತಗಳು ಎಷ್ಟು ಎಂಬುದನ್ನು ಅದೇ ವಾರ ಬರೆದಿಡಿ. ಶಾಲಾಭಿವೃದ್ಧಿ ಸಮಿತಿ, ಹಾಲು ಸಂಘ, ಸೇವಾ ಸಹಕಾರಿ ಸಂಘ, ಗ್ರಾಮ ಅರಣ್ಯ ಸಮಿತಿ, ಇವುಗಳಲ್ಲಿ ಒಂದರ ಕೆಲಸ ಹಿಡಿಯಿರಿ. ಮುಂದಿನ ವಾರ್ಡ್ ಸಭೆಗೆ ನೀವು ಭರವಸೆ ಕೊಟ್ಟ ಮೂರು ಕೆಲಸಗಳ ಅರ್ಜಿಯನ್ನು ನಿಮ್ಮ ಹೆಸರಿನಲ್ಲೇ ಕೊಡಿ. ಅದಕ್ಕೆ ಸದಸ್ಯರಾಗಿರಬೇಕೆಂಬ ನಿಯಮವಿಲ್ಲ.